ಓದುಗರ ಪ್ರಶ್ನೆ: ಘಟ್ಟದ ಕಾಲುದಾರಿಯ ಶ್ರಮದಾನ

ಪ್ರಶ್ನೆ: ನಮ್ಮ ಯುವಕ ಸಂಘದವರು ಕಳೆದ ಏಪ್ರಿಲ್‌ನಲ್ಲಿ ಘಟ್ಟ ಇಳಿಯುವ ಹಳೆಯ ಕಾಲುದಾರಿಯ ಕೊರಕಲುಗಳಿಗೆಲ್ಲ ಮಣ್ಣು ತುಂಬಿ ದಮ್ಮಸು ಮಾಡಿದ್ದೆವು. ಆಷಾಢ ಮುಗಿಯುವುದರೊಳಗೆ ಮೊದಲಿಗಿಂತ ಆಳವಾಗಿ ಕೊರೆದುಹೋಗಿದೆ. ತಪ್ಪಿದ್ದೆಲ್ಲಿ?
— ಓದುಗರು, ಶಿರಸಿ

ಉತ್ತರ: ನೀರು ದಾರಿಯ ಮೇಲೇ ಹರಿಯುತ್ತಿದೆ. ಅದನ್ನು ಹೊರಗೆ ತಿರುಗಿಸದೆ ಎಷ್ಟು ಬುಟ್ಟಿ ಮಣ್ಣು ಸುರಿದರೂ ಅದು ಕೆಳಗಿನ ಹಳ್ಳಕ್ಕೇ. ಜೊತೆಗೆ, ಏಪ್ರಿಲ್‌ನ ಒಣಮಣ್ಣು ಕೂಡಿಕೊಳ್ಳುವುದಿಲ್ಲ, ಎಷ್ಟು ಬಡಿದರೂ ಪುಡಿಯೇ. ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ ಮಣ್ಣಿಗೆ ಪಸೆ ಇರುವಾಗ ಮಾಡಿ.

ಗುದ್ದಲಿ ಹಿಡಿಯುವ ಮೊದಲು ಕೊಡೆ ಹಿಡಿಯಿರಿ. ಜಡಿಮಳೆಯಲ್ಲಿ ಒಮ್ಮೆ ಉದ್ದಕ್ಕೂ ನಡೆದು, ನೀರು ದಾರಿಗೆ ಇಳಿಯುವ ಜಾಗದಲ್ಲೆಲ್ಲ ಬಟ್ಟೆ ಚೂರು ಕಟ್ಟಿ. ಮಳೆ ಬಿಟ್ಟ ಮೇಲೆ ಅಲ್ಲಲ್ಲಿ ಕಲ್ಲಿನ ಅಡ್ಡಸಾಲು ಕೂರಿಸಬೇಕು. ಸಾಲು ನೆಟ್ಟಗೆ ಅಡ್ಡ ಬರಬಾರದು. ಸುಮಾರು 45 ಡಿಗ್ರಿ ಓರೆಯಾಗಿ ಕೆಳಬದಿಗೆ ಇಳಿಯಬೇಕು. ನೆಟ್ಟಗಿದ್ದರೆ ಹಿಂದೆ ಹೂಳು ನಿಲ್ಲುತ್ತದೆ, ಆಮೇಲೆ ನೀರು ಕಲ್ಲು ಹಾರಿ ಬುಡವನ್ನೇ ಕೊರೆಯುತ್ತದೆ. ಕಲ್ಲಿನ ಮೂರರಲ್ಲಿ ಎರಡು ಪಾಲು ಮಣ್ಣೊಳಗಿರಲಿ. ಮೇಲ್ಬದಿಯ ತುದಿ ಧರೆಯೊಳಗೆ (ದಾರಿ ಪಕ್ಕದ ಮಣ್ಣಿನ ಗೋಡೆಯೊಳಗೆ) ಒಂದಡಿ ಹೋಗಲೇಬೇಕು, ಇಲ್ಲವಾದರೆ ನೀರು ಅದೇ ಮೂಲೆ ಸುತ್ತಿ ಬರುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲೇ. ಕೆಳಬದಿಯಲ್ಲಿ ದಾರಿ ದಾಟಿ ಮೂರಡಿ ಕಾಲುವೆ ತೆಗೆಯಿರಿ, ಬಾಯಿ ಹೋಗುತ್ತ ಅಗಲವಾಗಲಿ. ಕಿರಿದಾದರೆ ಎರಡು ತರಗೆಲೆ ಸಾಕು ಕಟ್ಟಿಕೊಳ್ಳಲು. ಕಡಿದಾದಲ್ಲಿ 15 ಹೆಜ್ಜೆಗೊಂದು, ಇಳಿಜಾರು ಕಡಿಮೆಯಿದ್ದಲ್ಲಿ 40 ಹೆಜ್ಜೆಗೊಂದು.

ಹಳ್ಳದ ಉರುಟು ಕಲ್ಲು ಬೇಡ, ಕಾಲಿಟ್ಟರೆ ಉರುಳುತ್ತದೆ. ಮರದ ದಿಮ್ಮಿಯನ್ನು ಗೆದ್ದಲು ಬಿಡುವುದಿಲ್ಲ, ಒದ್ದೆಯಾದರೆ ಜಾರುವುದು ಬೇರೆ.

ಸಾಲುಗಳ ನಡುವಿನ ದಾರಿ ಕಣಿವೆಯ ಕಡೆಗೆ ಸ್ವಲ್ಪ ವಾಲಿರಲಿ: ಮೀಟರ್ ಅಗಲಕ್ಕೆ 5 ಸೆಂ.ಮೀ. ಸಾಕು. ನಡೆದಾಡಿ ಹೊರ ಅಂಚಿನಲ್ಲಿ ಮಣ್ಣು ಏರಿ ಸಣ್ಣ ಬದು ಆಗಿದ್ದರೆ ಕಡಿದು ಹಾಕಿ, ನೀರನ್ನು ದಾರಿಯಲ್ಲೇ ಹಿಡಿದಿಡುವುದು ಅದೇ. ಜೂನ್‌ನಿಂದ ವಾರಕ್ಕೊಮ್ಮೆ ಒಬ್ಬರು ಕಾಲುವೆಬಾಯಿಯ ಎಲೆ ತೆಗೆದರೆ ಮಳೆಗಾಲ ಕಳೆಯುತ್ತದೆ.

ಪ್ರಶ್ನೆ: ಅನುಮತಿ ಬೇಕೇ?
— ಓದುಗರು, ಕಾರವಾರ

ಉತ್ತರ: ಅರಣ್ಯ ಜಾಗವಾದರೆ ಬೇಕು. ಯಾವ ದಾರಿ, ಎಲ್ಲಿಂದ ಎಲ್ಲಿಗೆ, ಎಷ್ಟು ಜನ, ಯಾವ ದಿನ ಎಂದು ಬರೆದು ವಲಯ ಅರಣ್ಯಾಧಿಕಾರಿಗೆ ಕೊಡಿ, ಸ್ವೀಕೃತಿ ಪಡೆಯಿರಿ. ಗಿಡಗಂಟಿ ಸವರುವುದು, ಕಲ್ಲು ಎತ್ತುವುದು ಎರಡನ್ನೂ ಅರ್ಜಿಯಲ್ಲಿ ಕಾಣಿಸಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ 1972ರ ವನ್ಯಜೀವಿ ಕಾಯ್ದೆ ಅನ್ವಯ, ಒಪ್ಪಿಗೆಯಿಲ್ಲದೆ ಒಳಗೆ ಹೋಗುವುದೇ ತಪ್ಪು. ದಾರಿ ಯಾರದಾದರೂ ಸೊಪ್ಪಿನಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡಿನಲ್ಲಿ) ಹಾದಿದ್ದರೆ ಆ ಮನೆಯವರನ್ನೂ ಕೇಳಿ.

ಪ್ರಶ್ನೆ: ಉಂಬಳದ (ಜಿಗಣೆಯ) ಕಾಟಕ್ಕೆ ಏನು ಮಾಡುವುದು?
— ಓದುಗರು, ಸಿದ್ದಾಪುರ

ಉತ್ತರ: ಉಂಬಳಕ್ಕೆ ಉಪ್ಪಿನ ಗಂಟು ಸಾಕು, ಕಚ್ಚಿದರೂ ಹೆದರಬೇಕಿಲ್ಲ. ಹೆದರಬೇಕಾದ್ದು ಉಣ್ಣಿಗೆ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣ್ಣಿ ಕಚ್ಚಿ ಹರಡುವ ಮಂಗನ ಕಾಯಿಲೆ ನಿಮ್ಮ ತಾಲೂಕಿನಲ್ಲೂ ಕಾಣಿಸಿಕೊಂಡಿದೆ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಆಗ ಕೆಲಸ ಮಾಡಲೇಬೇಕಿದ್ದರೆ ಆರೋಗ್ಯ ಕೇಂದ್ರದಲ್ಲಿ ಉಣ್ಣಿ ಹತ್ತಿರ ಬಾರದಂತೆ ತಡೆಯುವ ಡೆಪಾ ತೈಲ ಕೇಳಿ ಹಚ್ಚಿಕೊಳ್ಳಿ, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ತರಗೆಲೆಯ ಮೇಲೆ ಕೂರಬೇಡಿ, ಮನೆಗೆ ಬಂದವರೇ ಬಿಸಿನೀರು ಸ್ನಾನ ಮಾಡಿ ಬಟ್ಟೆ ನೆನೆಹಾಕಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಆ ದಾರಿಯ ಕೆಲಸ ನಿಲ್ಲಿಸಿ.