ಬಾರ್ಬಡೋಸ್‌ಗೆ ಮಕ್ಕಳ ಜೊತೆ: ಯಾವ ಕಡಲು, ಯಾವ ಮರ

ಬಾರ್ಬಡೋಸ್‌ನ ಬಾತ್‌ಶೀಬಾದಲ್ಲಿ ಮಕ್ಕಳನ್ನು ನೀರಿಗೆ ಇಳಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಅದು ಪೂರ್ವ ಕರಾವಳಿ, ಅಟ್ಲಾಂಟಿಕ್ ಅಲೆಗಳು ನೇರವಾಗಿ ಬಂದು ಬಡಿಯುತ್ತವೆ, ಸೆಳೆತ ಜೋರು. ಅಲ್ಲಿ ಕಣ್ತುಂಬ ನೋಡಿ ಬನ್ನಿ. ಈಜಲು ಪಶ್ಚಿಮದ ಪೇನ್ಸ್ ಬೇ ಕಡೆ ಹೋಗಿ. ಎಲ್ಲೇ ಸೆಳೆತಕ್ಕೆ ಸಿಕ್ಕರೂ ದಡದತ್ತ ಹೋರಾಡಬೇಡಿ, ಜನ ಸುಸ್ತಾಗಿ ಮುಳುಗುವುದೇ ಹಾಗೆ. ದಡಕ್ಕೆ ಸಮಾನಾಂತರವಾಗಿ ಈಜಿ, ಸೆಳೆತ ತಪ್ಪಿದ ಮೇಲೆ ತಿರುಗಿ.

ನೀವು ಕೇಳದಿದ್ದರೂ ಹೇಳಲೇಬೇಕಾದದ್ದು ಮ್ಯಾಂಚಿನೀಲ್ ಮರದ ವಿಷಯ. ಪುಟ್ಟ ಹಸಿರು ಸೇಬಿನಂಥ ಹಣ್ಣು ಮರಳ ಮೇಲೆ ಉದುರಿರುತ್ತದೆ, ಮಕ್ಕಳ ಕೈ ಹೋಗುವುದೇ ಅಲ್ಲಿಗೆ. ಕಚ್ಚಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತದೆ. ಹಾಲಿನಂಥ ಸೊನೆ ತಾಗಿದ ಕಡೆ ಬೊಬ್ಬೆ ಏಳುತ್ತದೆ. ಮಳೆ ಬಂತೆಂದು ಅದರಡಿ ನಿಲ್ಲಬೇಡಿ, ಎಲೆಯಿಂದ ತೊಟ್ಟಿಕ್ಕುವ ನೀರಿನಲ್ಲೂ ಸೊನೆ ಬೆರೆತಿರುತ್ತದೆ. ಹಲವು ಮರಗಳ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ, ಎಲ್ಲಕ್ಕೂ ಅಲ್ಲ. ತಾಗಿದರೆ ಕೂಡಲೇ ಸೋಪು ಹಾಕಿ ತೊಳೆಯಿರಿ, ಆ ಕೈಯಿಂದ ಕಣ್ಣುಜ್ಜಲು ಬಿಡಬೇಡಿ. ಬಾಯಿಗೆ ಅಥವಾ ಕಣ್ಣಿಗೆ ಹೋದರೆ ತಡಮಾಡದೆ ಡಾಕ್ಟರ ಹತ್ತಿರ.

ಟ್ಯಾಕ್ಸಿಗೆ ಮೀಟರ್ ಇಲ್ಲ. ಹತ್ತುವ ಮೊದಲೇ ದರ ಕೇಳಿ, ಯಾವ ಡಾಲರ್ ಎಂದೂ ಕೇಳಿ. ಅಮೆರಿಕದ 1 ಡಾಲರ್‌ಗೆ ಅಲ್ಲಿನ 2. ಮಿಲಿಟರಿ ಚಿತ್ತಾರದ ಬಟ್ಟೆ ಮಕ್ಕಳಿಗೂ ನಿಷಿದ್ಧ, ಮನೆಯಲ್ಲೇ ಬಿಡಿ. ಪೊಲೀಸ್ 211, ಆಂಬ್ಯುಲೆನ್ಸ್ 511.