ಐರನ್ ಟೇಬಲ್ ಮುಂದೆ ನಿಂತ ಬಸುರಿ: ಕೆಲಸ ಬಿಡೋದಾ, ಬದಲಿಸಿಕೊಳ್ಳೋದಾ?

(ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಆಕೆಗೆ 24 ವರ್ಷ. ಮಂಡ್ಯ ಕಡೆಯ ಹುಡುಗಿ. ಮದುವೆಯಾದ ಮೇಲೆ ಬೆಂಗಳೂರಿನ ನಾಯಂಡಹಳ್ಳಿ ಹತ್ತಿರ ಬಾಡಿಗೆ ಮನೆ, ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನ ಐರನ್ ಸೆಕ್ಷನ್‌ನಲ್ಲಿ ಎರಡು ವರ್ಷದಿಂದ ಕೆಲಸ. ಚೊಚ್ಚಲ ಬಸಿರು, 22 ವಾರ.

ಸಲಹೆ ಕೇಳಿ ನಮ್ಮಲ್ಲಿಗೆ ಬಂದದ್ದು ಮೈನೋವಿಗಲ್ಲ, ಮನೆಯ ಜಗಳಕ್ಕೆ. ಗಂಡ "ನಾಳೆಯಿಂದ ಹೋಗ್ಬೇಡ" ಅನ್ನುತ್ತಾನೆ. ಅತ್ತೆ "ಮೈ ಬಗ್ಗಿಸಿ ಕೆಲಸ ಮಾಡಿದ್ರೇ ಹೆರಿಗೆ ಸಲೀಸು" ಅನ್ನುತ್ತಾರೆ. ಆಕೆಗೆ ಎರಡೂ ಬೇಡ. ಬಿಟ್ಟರೆ ಮನೆ ಬಾಡಿಗೆಗೆ ದುಡ್ಡಿಲ್ಲ, ಹೀಗೇ ಮುಂದುವರಿಯಲು ಮೈಯಲ್ಲಿ ಶಕ್ತಿಯಿಲ್ಲ. ಫ್ಯಾಕ್ಟರಿಯಲ್ಲಿ ಯಾರಿಗೂ ವಿಷಯ ಗೊತ್ತಿರಲಿಲ್ಲ. "ಹೇಳ್ಬುಟ್ರೆ ಕೆಲ್ಸದಿಂದ ತೆಗೀತಾರೆ ಕಣಕ್ಕ" ಅಂದಳು.

ಇಂಥ ಪ್ರಕರಣದಲ್ಲಿ ನಾನು ಬಿಡಬೇಕಾ ಬೇಡವಾ ಅನ್ನುವ ಪ್ರಶ್ನೆಯನ್ನು ಮೊದಲು ಪಕ್ಕಕ್ಕಿಡುತ್ತೇನೆ. ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಮೈಯಿಂದ ಏನೇನು ಮಾಡಿಸುತ್ತೀಯ, ಒಂದೊಂದಾಗಿ ಹೇಳು ಅನ್ನುತ್ತೇನೆ. "ಕಷ್ಟದ ಕೆಲಸ" ಅಂದರೆ ಏನೂ ಹೇಳಿದಂತಾಗಲ್ಲ. ಬಿಡಿಸಿ ನೋಡಿದಾಗಲೇ ಯಾವ ಭಾಗ ತೊಂದರೆ ಕೊಡುತ್ತಿದೆ ಅಂತ ಗೊತ್ತಾಗುವುದು.

ಆಕೆ ಹೇಳಿದ್ದು ಹೀಗೆ. ಐರನ್ ಟೇಬಲ್ ಕೆಳಗೆ ಒಂದು ಪೆಡಲ್ ಇರುತ್ತದೆ. ಅದನ್ನು ಒತ್ತಿದರೆ ಟೇಬಲ್ ಹಬೆಯನ್ನು ಎಳೆದುಕೊಂಡು ಬಟ್ಟೆಯನ್ನು ಒಣಗಿಸುತ್ತದೆ. ಒಂದೊಂದು ಶರ್ಟಿಗೂ ಬಲಗಾಲಿನಲ್ಲಿ ಪೆಡಲ್ ಒತ್ತಬೇಕು. ಅಂದರೆ ದಿನವಿಡೀ ಮೈಭಾರವೆಲ್ಲ ಎಡಗಾಲಿನ ಮೇಲೆ. ಸಂಜೆಗೆ ಎಡಪಾದ ಊದಿ ಚಪ್ಪಲಿಯ ಪಟ್ಟಿ ಅಚ್ಚೊತ್ತಿರುತ್ತಿತ್ತು. ಸುತ್ತ ಹಬೆಯ ಕಾವು. ಇಷ್ಟಾದರೂ ಇಡೀ ಪಾಳಿಯಲ್ಲಿ ಕುಡಿಯುತ್ತಿದ್ದದ್ದು ಅರ್ಧ ಲೀಟರ್ ನೀರು. ಯಾಕೆ ಅಂದರೆ, ಪದೇ ಪದೇ ಟಾಯ್ಲೆಟ್‌ಗೆ ಎದ್ದರೆ ಸೂಪರ್‌ವೈಸರ್ ಕೂಗಾಡುತ್ತಾರೆ, ಟಾರ್ಗೆಟ್ ತಪ್ಪುತ್ತದೆ. ಉರಿಮೂತ್ರ ಶುರುವಾಗಿ ವಾರವಾಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಮನೆಯ ಕೆಲಸ ಕೇಳಿದಾಗ ಇನ್ನೊಂದು ಹೊರಬಿತ್ತು. ನಲ್ಲಿ ಇರುವುದು ಕೆಳಗೆ, ಮನೆ ಎರಡನೇ ಮಹಡಿಯಲ್ಲಿ. ದಿನಾ ಬೆಳಗ್ಗೆ ಐದಾರು ಬಿಂದಿಗೆ ನೀರನ್ನು ಆಕೆಯೇ ಸೊಂಟದ ಮೇಲೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ಫ್ಯಾಕ್ಟರಿಗೆ ಹೋಗಬೇಡ ಅನ್ನುವ ಗಂಡನ ಕಣ್ಣಿಗೆ ಇದು ಕೆಲಸ ಅಂತಲೇ ಬಿದ್ದಿರಲಿಲ್ಲ.

ಮೊದಲು ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಡಿಸ್ಪೆನ್ಸರಿಗೆ ಕಳಿಸಿದೆ. ಬೇರೆ ಮಾತೆಲ್ಲ ಆಮೇಲೆ. ಬಿಪಿ ಸರಿಯಾಗಿತ್ತು. ಮೂತ್ರದಲ್ಲಿ ಸೋಂಕು ಇತ್ತು. ಹಿಮೋಗ್ಲೋಬಿನ್ 9.2. ಬಸುರಿಯರಿಗೆ ಅದು 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಅಂತಲೇ ಲೆಕ್ಕ. ಮೂತ್ರದ ಸೋಂಕನ್ನು ಸುಮ್ನೆ ಬಿಟ್ಟರೆ ಕಿಡ್ನಿಗೆ ಏರಬಹುದು, ದಿನ ತುಂಬುವ ಮೊದಲೇ ನೋವು ಕಾಣಿಸಿಕೊಳ್ಳಬಹುದು. ಬಸುರಿಯರಿಗೆ ಕೊಡಬಹುದಾದ ಮಾತ್ರೆಗಳಿವೆ, ಡಾಕ್ಟರ್ ಬರೆದುಕೊಟ್ಟರು. ಕಬ್ಬಿಣದ ಮಾತ್ರೆ ಮೊದಲಿಂದಲೂ ಕೈಲಿತ್ತು. ಆದರೆ ಟೀ ಬ್ರೇಕ್‌ನಲ್ಲಿ ಟೀ ಜೊತೆ ನುಂಗುತ್ತಿದ್ದಳು. ಟೀ ಜೊತೆ ತೆಗೆದುಕೊಂಡರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆ ತೆಗೆದುಕೊಳ್ಳಬಾರದು. ಕ್ಯಾಲ್ಸಿಯಂ ಬೆಳಗಿನ ತಿಂಡಿ ಆದಮೇಲೆ, ಕಬ್ಬಿಣ ರಾತ್ರಿ ಊಟ ಆಗಿ ಸ್ವಲ್ಪ ಹೊತ್ತಿಗೆ ಅಂತ ಗೊತ್ತುಮಾಡಿಕೊಂಡೆವು.

ಮುಂದಿನ ಸಲ ಅತ್ತೆಯನ್ನೂ ಕರೆಸಿದೆ. ಅವರ ಮಾತನ್ನು ನಾನು ತಳ್ಳಿಹಾಕಲಿಲ್ಲ, ಯಾಕೆಂದರೆ ಅದರಲ್ಲಿ ಅರ್ಧ ನಿಜವಿದೆ. ಬೇರೆ ತೊಂದರೆ ಇಲ್ಲದ ಬಸುರಿಗೆ ನಡಿಗೆ, ಹಗುರ ಕೆಲಸ ಒಳ್ಳೆಯದೇ. "ನಾನು ಏಳು ತಿಂಗಳವರೆಗೂ ನಾಟಿಗೆ ಹೋಗಿದ್ದೆ" ಅಂದರು. "ಸುಸ್ತಾದಾಗ ಏನು ಮಾಡ್ತಿದ್ರಿ ಅಮ್ಮಾ?" ಅಂತ ಕೇಳಿದೆ. "ಬದುವಿನ ಮೇಲೆ ಕೂತ್ಕೊತಿದ್ದೆ, ನೀರು ಕುಡೀತಿದ್ದೆ." ಸೊಸೆಗೆ ಹಾಗೆ ಕೂರುವ ಹಾಗಿಲ್ಲ ಅಂತ ಆಗ ಅವರಿಗೇ ಹೊಳೆಯಿತು. ನನ್ನ ಅನುಭವದಲ್ಲಿ ಮುಖ್ಯ ವ್ಯತ್ಯಾಸ ಇದೇ. ದಣಿವಾದಾಗ ನಿಲ್ಲಿಸುವುದು ಯಾರ ಕೈಯಲ್ಲಿದೆ? ಅದು ತನ್ನ ಕೈಯಲ್ಲೇ ಇದ್ದರೆ ಹೆಣ್ಣು ಎಷ್ಟೋ ಕೆಲಸ ಮಾಡಬಲ್ಲಳು. ಟಾರ್ಗೆಟ್ ಕೈಯಲ್ಲಿದ್ದರೆ ಹಗುರ ಕೆಲಸವೂ ಮೈ ಹಿಂಡುತ್ತದೆ.

ಗಂಡನ ಜೊತೆ ಮಾತು ಬೇಗ ಮುಗಿಯಿತು. ಹದಿನೈದು ಲೀಟರಿನ ಬಿಂದಿಗೆ ಅಂದರೆ ಹದಿನೈದು ಕೆಜಿಗೂ ಜಾಸ್ತಿ. ಅಮೆರಿಕದ ನಯೋಶ್ ಅನ್ನುವ ಸರ್ಕಾರಿ ಸಂಸ್ಥೆ ಆರೋಗ್ಯವಂತ ಬಸುರಿಯರಿಗೆ ಭಾರದ ಮಿತಿಯೊಂದನ್ನು ಹಾಕಿಕೊಟ್ಟಿದೆ. ಯಾವಾಗಲೋ ಒಮ್ಮೆ, ಮೈಗೆ ಹತ್ತಿರ ಹಿಡಿದು ಎತ್ತುವುದಾದರೆ ಮೊದಲ 20 ವಾರದಲ್ಲಿ ಸುಮಾರು 16 ಕೆಜಿ, ಆಮೇಲೆ ಸುಮಾರು 12 ಕೆಜಿ. ಮತ್ತೆ ಮತ್ತೆ ಎತ್ತುವುದಾದರೆ ಅದಕ್ಕಿಂತ ಎಷ್ಟೋ ಕಡಿಮೆ. ನೆಲದಿಂದ ಬಗ್ಗಿ ಎತ್ತುವುದು, ತಲೆಗಿಂತ ಮೇಲಕ್ಕೆ ಎತ್ತುವುದು ಬೇಡವೇ ಬೇಡ. ಈ ಲೆಕ್ಕದಲ್ಲಿ ಮೆಟ್ಟಿಲು ಹತ್ತುವುದು ಸೇರಿಲ್ಲ. "ನೀರು ನಾನೇ ತರ್ತೀನಿ" ಅಂದ. ತರುತ್ತಲೂ ಇದ್ದಾನೆ, ಅತ್ತೆಯಿಂದಲೇ ಕೇಳಿ ತಿಳಿದುಕೊಂಡೆ.

ಉಳಿದದ್ದು ಫ್ಯಾಕ್ಟರಿ. ಇಲ್ಲಿ ಹೆದರಿಕೆಯೇ ದೊಡ್ಡ ಅಡ್ಡಿ. ಬಸಿರು ಮುಚ್ಚಿಟ್ಟರೆ ಕೆಲಸ ಉಳಿಯುತ್ತದೆ ಅಂತ ಆಕೆ ನಂಬಿದ್ದಳು. ಆದರೆ ಹೇಳದಿದ್ದರೆ ಕಾನೂನಿನ ರಕ್ಷಣೆ ಕೇಳುವುದಾದರೂ ಹೇಗೆ? ಬಸುರಿ ಅನ್ನುವ ಕಾರಣಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲ. ಹೆರಿಗೆಯ ನಿರೀಕ್ಷಿತ ದಿನಕ್ಕಿಂತ ಹತ್ತು ವಾರ ಮೊದಲಿನಿಂದ, ಆಕೆ ಕೇಳಿಕೊಂಡರೆ, ಕಷ್ಟದ ಕೆಲಸವನ್ನಾಗಲಿ ಬಹಳ ಹೊತ್ತು ನಿಲ್ಲುವ ಕೆಲಸವನ್ನಾಗಲಿ ಮಾಡಿಸುವ ಹಾಗಿಲ್ಲ. ಇದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇದ್ದ ಮಾತು, ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. "ಕೇಳಿಕೊಂಡರೆ" ಅನ್ನುವುದನ್ನು ಗಮನಿಸಿ. ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಿ.

ಆಕೆಗಿನ್ನೂ ಆ ಹತ್ತು ವಾರ ಬಂದಿರಲಿಲ್ಲ. ಹಾಗಾಗಿ ಡಾಕ್ಟರ್ ಹತ್ತಿರ ಚೀಟಿ ಬರೆಸಿದೆವು. ಅರ್ಜಿ ಇಷ್ಟೇ ಇತ್ತು: "ನಾನು 23 ವಾರದ ಗರ್ಭಿಣಿ. ರಕ್ತಹೀನತೆ ಮತ್ತು ಸೋಂಕಿಗೆ ಚಿಕಿತ್ಸೆ ಪಡೆಯುತ್ತಿದ್ದೇನೆ. ವೈದ್ಯರ ಚೀಟಿ ಲಗತ್ತಿಸಿದೆ. ದಯವಿಟ್ಟು ಕುಳಿತು ಮಾಡುವ ಕೆಲಸ ಕೊಡಿ. ನೀರು ಕುಡಿಯಲು, ಶೌಚಾಲಯಕ್ಕೆ ಹೋಗಲು ಅವಕಾಶ ಕೊಡಿ. ಓವರ್‌ಟೈಮ್ ಬೇಡ." ಸೂಪರ್‌ವೈಸರ್‌ಗೆ ಕೊಡಬೇಡ, ಎಚ್‌ಆರ್‌ಗೇ ಕೊಡು, ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೋ ಅಂದೆ. ಒಪ್ಪದಿದ್ದರೆ ಬನ್ನೇರುಘಟ್ಟ ರಸ್ತೆಯಲ್ಲಿರುವ ಕಾರ್ಮಿಕ ಇಲಾಖೆಯ ಕಾರ್ಮಿಕ ಭವನಕ್ಕೆ ಆ ಪ್ರತಿ ಹಿಡಿದು ಹೋಗಬಹುದು. ಆ ಪ್ರಮೇಯ ಬರಲಿಲ್ಲ. ಮೊದಲ ಕೆಲವು ದಿನ ಗೊಣಗಾಟ ಇತ್ತು. ಆಮೇಲೆ ದಾರ ಕತ್ತರಿಸುವ ಟೇಬಲ್‌ಗೆ ಹಾಕಿದರು, ಬೆನ್ನಿಗೆ ಆಸರೆ ಇರುವ ಕುರ್ಚಿ ಕೊಟ್ಟರು.

ಅಲ್ಲಿಯವರೆಗೆ ನಿಂತೇ ಕೆಲಸ ಮಾಡಬೇಕಿತ್ತಲ್ವಾ? ಅದಕ್ಕೆ ಹೇಳಿದ್ದು ಇಷ್ಟು. ಪೆಡಲ್ ಒತ್ತುವ ಕಾಲನ್ನು ಆಗಾಗ ಬದಲಿಸು. ನಿಂತ ಕಡೆ ದಪ್ಪ ಮ್ಯಾಟ್ ಹಾಕಿಕೋ. ಹಿಮ್ಮಡಿ ಎತ್ತಿ ಇಳಿಸುತ್ತಿರು, ಮೀನಖಂಡ ಆಡಿದರೆ ಕಾಲಿನ ರಕ್ತ ಮೇಲಕ್ಕೆ ಹೋಗುತ್ತದೆ. ಊಟದ ಬಿಡುವಿನಲ್ಲಿ ಕಾಲು ಎತ್ತರದಲ್ಲಿಟ್ಟು ಕೂರು. ಮೂತ್ರ ತಡೆಯಲೇಬೇಡ, ಬೈದರೆ ಬೈಯಲಿ. ರಾತ್ರಿ ಎಡ ಮಗ್ಗುಲಿಗೆ ಮಲಗು.

ಯಾವಾಗ ಮುಲಾಜಿಲ್ಲದೆ ಲೈನ್ ಬಿಟ್ಟು ಆಸ್ಪತ್ರೆಗೆ ಓಡಬೇಕು ಅನ್ನುವುದನ್ನು ತಾಯಿ ಕಾರ್ಡಿನ ಹಿಂದೆ ಆಕೆಯಿಂದಲೇ ಬರೆಸಿದೆ. ರಕ್ತ ಹೋದರೆ, ನೀರು ಸೋರಿದರೆ, ಹೊಟ್ಟೆ ಮತ್ತೆ ಮತ್ತೆ ಬಿಗಿಯುತ್ತಿದ್ದರೆ, ಮಗುವಿನ ಅಲುಗಾಟ ಕಡಿಮೆ ಅನ್ನಿಸಿದರೆ, ಎದೆ ನೋವು ಅಥವಾ ಕೂತಾಗಲೂ ಏದುಸಿರು ಬಂದರೆ. ಸಂಜೆ ಊದಿದ ಕಾಲು ಬೆಳಗ್ಗೆಗೆ ಇಳಿದರೆ ಸಾಮಾನ್ಯವಾಗಿ ಭಯವಿಲ್ಲ. ಮುಖ, ಕೈ ಊದಿ ತಲೆನೋವು, ಕಣ್ಣು ಮಂಜು ಬಂದರೆ ಅದು ಬಿಪಿ ಏರಿದ ಗುರುತಿರಬಹುದು, ಸಂಜೆಯವರೆಗೂ ಕಾಯಬಾರದು. 108ಕ್ಕೆ ಫೋನ್ ಮಾಡಬೇಕು.

ರಜೆಯ ಲೆಕ್ಕಕ್ಕೆ ಇಡೀ ಮನೆಯೇ ಕೂತಿತ್ತು. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ, ಅದರಲ್ಲಿ ಹೆರಿಗೆಗೆ ಮೊದಲು ಹೆಚ್ಚೆಂದರೆ 8 ವಾರ ತೆಗೆದುಕೊಳ್ಳಬಹುದು. ಈಕೆಗೆ ಇಎಸ್‌ಐ ಇರುವುದರಿಂದ ದುಡ್ಡು ಅಲ್ಲಿಂದ ಬರುತ್ತದೆ. ಹಿಂದಿನ ಎರಡು ಕಾಂಟ್ರಿಬ್ಯೂಷನ್ (ವಂತಿಗೆ) ಅವಧಿಗಳಲ್ಲಿ, ಅಂದರೆ ಆರಾರು ತಿಂಗಳ ಎರಡು ಅವಧಿಗಳಲ್ಲಿ, 70 ದಿನದ ವಂತಿಗೆ ಇರಬೇಕು, ಈಕೆಗೆ ಧಾರಾಳವಾಗಿ ಇತ್ತು. ದಿನಕ್ಕೆ 450 ರೂಪಾಯಿ ಅಂತ ಹಿಡಿದರೂ 182 ದಿನಕ್ಕೆ 81,900 ರೂಪಾಯಿ. ಗಂಡ ಫೋನಿನಲ್ಲಿ ಎರಡೆರಡು ಸಲ ಗುಣಿಸಿ ನೋಡಿದ. ಕೆಲಸ ಬಿಡುವ ಮಾತು ಆಮೇಲೆ ಬರಲಿಲ್ಲ.

ಈಗ ಆಕೆಗೆ 31 ವಾರ. ಹಿಮೋಗ್ಲೋಬಿನ್ 10.4ಕ್ಕೆ ಏರಿದೆ, ಸೋಂಕು ಮರುಕಳಿಸಿಲ್ಲ. ಹತ್ತು ವಾರದ ಹಕ್ಕಿನ ಅರ್ಜಿಯನ್ನೂ ಕೊಟ್ಟಾಗಿದೆ. ರಜೆಯನ್ನು ಮಗುವಿಗಾಗಿ ಉಳಿಸಿಕೊಳ್ಳಲು ಕೊನೆಯ ವಾರದವರೆಗೂ ಹೋಗುತ್ತೇನೆ ಅನ್ನುತ್ತಿದ್ದಾಳೆ. ಅದನ್ನು ಈಗಲೇ ಗಟ್ಟಿ ಮಾಡಿಕೊಳ್ಳಬೇಡ, 34ನೇ ವಾರದ ತಪಾಸಣೆ ನೋಡಿ ಹೇಳೋಣ ಅಂದಿದ್ದೇನೆ. ಮುಂದಿನ ಭೇಟಿಯಲ್ಲಿ ಕೂಸಿನ ಮನೆಯ (ಕೆಲಸದ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕೋಣೆ) ವಿಷಯ ಮಾತಾಡುವುದಿದೆ. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಅದು ಇರಲೇಬೇಕು, ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವೂ ಸಿಗಬೇಕು. ರಜೆಗೆ ಹೋಗುವ ಮೊದಲೇ ಊಟದ ಬಿಡುವಿನಲ್ಲಿ ಆ ಕೋಣೆಗೆ ಹೋಗಿ, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ತನ್ನ ಲೈನ್‌ನಿಂದ ಎಷ್ಟು ದೂರ ಅಂತ ನೋಡಿಕೊಂಡು ಬರಲು ಹೇಳಿದ್ದೇನೆ.