ಹಗುರವಾದ ಲೋಟಸ್ ಎಲೀಸ್‌ಗೆ ಪೂರ್ಣ ರೇಸ್ ಬ್ರೇಕ್ ಪ್ಯಾಡ್ ಹಾಕಿಸಬಹುದೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: 1998ರಲ್ಲಿ ತಯಾರಾದ ಮೊದಲ ತಲೆಮಾರಿನ ಲೋಟಸ್ ಎಲೀಸ್ ನಿಮ್ಮಲ್ಲಿದೆ; ಇಂಗ್ಲೆಂಡಿನ ಸ್ನೆಟರ್ಟನ್ ಸರ್ಕಿಟ್ಟಿನ ಟ್ರ್ಯಾಕ್ ಡೇಗಳಿಗೂ (ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಗಳು) ಶೆಲ್ಸ್ಲಿ ವಾಲ್ಶ್‌ನ ಹಿಲ್ ಕ್ಲೈಂಬ್‌ಗೂ (ಏರುದಾರಿಯಲ್ಲಿ ಒಬ್ಬೊಬ್ಬರಾಗಿ ಓಡಿಸಿ ಸಮಯ ಅಳೆಯುವ ಸ್ಪರ್ಧೆ) ಅದನ್ನು ಮನೆಯಿಂದ ನೀವೇ ಓಡಿಸಿಕೊಂಡು ಹೋಗುತ್ತೀರಿ; ಭಾರವಾದ ಸಲೂನ್ ಕಾರಿನಲ್ಲಿ ರೇಸ್ ಮಾಡುವ ಗೆಳೆಯರೊಬ್ಬರು ತಾವು ಬಳಸುವ ಪೂರ್ಣ ರೇಸ್ ಪ್ಯಾಡನ್ನೇ (ಚೆನ್ನಾಗಿ ಬಿಸಿಯೇರಿದ ಮೇಲಷ್ಟೇ ಸರಿಯಾಗಿ ಹಿಡಿಯುವ, ರೇಸಿಗೆಂದೇ ಮಾಡಿದ ಪ್ಯಾಡ್) ನಿಮಗೂ ಹಾಕಿಸಲು ಹೇಳಿದ್ದಾರೆ. ಹಾಕಿಸಬೇಡಿ. ಅವರ ಕಾರಿಗೆ ಅದು ಸರಿಯಾದ ಆಯ್ಕೆಯೇ ಇರಬಹುದು. ಆದರೆ ಹಗುರವಾದ ಕಾರಿನಲ್ಲಿ ಬ್ರೇಕ್ ಅತಿಯಾಗಿ ಬಿಸಿಯೇರುವುದಕ್ಕಿಂತ, ಪ್ಯಾಡಿಗೆ ಬೇಕಾದಷ್ಟು ಬಿಸಿಯೇರದೆ ಇರುವುದೇ ಹೆಚ್ಚು ಸಲ ತೊಂದರೆ ಕೊಡುತ್ತದೆ. ಇದೇ ತಲೆಮಾರಿನ ಎಲೀಸನ್ನು ಹೆಚ್ಚುಕಡಿಮೆ ಇದೇ ಬಳಕೆಗೆ ಇಟ್ಟುಕೊಂಡಿರುವವನಾಗಿ ಇದನ್ನು ಬರೆಯುತ್ತಿದ್ದೇನೆ.

ಪ್ಯಾಡ್ ಹುಡುಕುವ ಮೊದಲು ನಿಮ್ಮ ಡಿಸ್ಕ್ (ಚಕ್ರದೊಂದಿಗೆ ತಿರುಗುವ, ಪ್ಯಾಡ್ ಒತ್ತಿ ಹಿಡಿಯುವ ತಟ್ಟೆ) ಯಾವ ಲೋಹದ್ದು ಎಂಬುದನ್ನು ಖಚಿತಪಡಿಸಿಕೊಳ್ಳಿ. 1996ರಲ್ಲಿ ಮಾರುಕಟ್ಟೆಗೆ ಬಂದ ಎಲೀಸ್‌ಗೆ ಆರಂಭದಲ್ಲಿ ಸಿಲಿಕಾನ್ ಕಾರ್ಬೈಡ್ ಕಣಗಳನ್ನು ಬೆರೆಸಿದ ಅಲ್ಯೂಮಿನಿಯಂ ಡಿಸ್ಕ್‌ಗಳನ್ನು ಹಾಕಲಾಗುತ್ತಿತ್ತು. ಮುಂದೆ ಕಂಪನಿ ಎರಕದ ಕಬ್ಬಿಣದ ಡಿಸ್ಕ್‌ಗಳಿಗೆ ಬಂತು. ನಿಮ್ಮ ಕಾರು ಈ ಬದಲಾವಣೆಯ ಆಸುಪಾಸಿನದಾಗಿದ್ದರಿಂದ, ಜೊತೆಗೆ ಹಿಂದಿನ ಮಾಲೀಕರು ಏನು ಮಾಡಿಸಿದ್ದಾರೋ ಹೇಳಲಾಗದ್ದರಿಂದ, ಒಂದು ಅಯಸ್ಕಾಂತವನ್ನು ನಾಲ್ಕೂ ಡಿಸ್ಕ್‌ಗಳಿಗೆ ಹಿಡಿದು ನೋಡಿ. ಅಂಟಿಕೊಂಡರೆ ಕಬ್ಬಿಣ, ಇಲ್ಲದಿದ್ದರೆ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಡಿಸ್ಕಿಗೆ ಅದಕ್ಕಾಗಿಯೇ ರೂಪಿಸಿದ ಪ್ಯಾಡ್ ಬೇಕು. ಕಬ್ಬಿಣಕ್ಕೆಂದು ಮಾಡಿದ ಪ್ಯಾಡ್ ಅದರ ಮೇಲ್ಮೈಯನ್ನು ಕೆರೆದುಹಾಕುತ್ತದೆ. ಕ್ರೀಡೆಗೆ ಬಳಸುವ ಕಾರಿನಲ್ಲಿ ಅಲ್ಯೂಮಿನಿಯಂ ಡಿಸ್ಕ್‌ಗಳನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲವೆಂಬುದು ನನ್ನ ಅಭಿಪ್ರಾಯ. ಕಬ್ಬಿಣದ್ದನ್ನು ಹಾಕಿಸಿ, ಹಳೆಯದನ್ನು ಎತ್ತಿಟ್ಟುಕೊಳ್ಳಿ. ಮೂಲರೂಪವನ್ನೇ ಬಯಸುವ ಸಂಗ್ರಾಹಕರು ಮುಂದೆ ಎಂದಾದರೂ ಕೇಳಿಯಾರು.

ಇನ್ನು ಶಾಖದ ಲೆಕ್ಕ. ಕಂಪನಿ ಹೇಳಿದ್ದ ತೂಕ ಸುಮಾರು 725 ಕೆ.ಜಿ.; ನೀವೂ ಇಂಧನವೂ ಸೇರಿ 820 ಎಂದಿಟ್ಟುಕೊಳ್ಳೋಣ. ಗಂಟೆಗೆ 160 ಕಿ.ಮೀ. ವೇಗದಿಂದ 80ಕ್ಕೆ ಇಳಿಸಲು ಬ್ರೇಕುಗಳು ಸುಮಾರು 600 ಕಿಲೋಜೌಲ್ ಶಕ್ತಿಯನ್ನು ಶಾಖವಾಗಿಸಬೇಕು, 1500 ಕೆ.ಜಿ. ತೂಗುವ ಕಾರಿಗಾದರೆ ಇದೇ ಕೆಲಸಕ್ಕೆ 1100 ಕಿಲೋಜೌಲ್ ದಾಟುತ್ತದೆ. ಇಷ್ಟು ಹಗುರವಾದ ನಿಮ್ಮ ಕಾರಿಗೆ ನಾಲ್ಕೂ ಚಕ್ರಗಳಲ್ಲಿ 282 ಮಿ.ಮೀ. ವ್ಯಾಸದ, ಒಳಗೆ ಗಾಳಿಯಾಡುವ ಡಿಸ್ಕ್‌ಗಳಿವೆ. ಹಾಗಾಗಿ ಗೆಳೆಯರ ಕಾರಿನಲ್ಲಿ ಎರಡನೆಯ ಸುತ್ತಿಗೇ ಕೆಲಸದ ಉಷ್ಣತೆಗೆ ಬಂದುಬಿಡುವ ಪ್ಯಾಡ್, ನಿಮ್ಮಲ್ಲಿ ತಣ್ಣನೆಯ ಬೆಳಗಿನ ಅವಧಿಯುದ್ದಕ್ಕೂ ಅರೆಬಿಸಿಯಾಗಿಯೇ ಉಳಿಯಬಹುದು. ಅರೆಬಿಸಿಯ ರೇಸ್ ಪ್ಯಾಡ್ ಕಡಿಮೆ ಹಿಡಿಯುವುದಷ್ಟೇ ಅಲ್ಲ, ಡಿಸ್ಕಿನ ಮೇಲೆ ತನ್ನ ಪದರವನ್ನು ಸರಿಯಾಗಿ ಕೂರಿಸಲಾರದೆ ಅದನ್ನು ಅರದಂತೆ ಸವೆಸುತ್ತದೆ.

ಶೆಲ್ಸ್ಲಿ ವಾಲ್ಶ್‌ನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. 1905ರಿಂದ ಸ್ಪರ್ಧೆ ನಡೆಯುತ್ತಿರುವ ಆ ಏರುದಾರಿಯ ಉದ್ದ 1000 ಗಜ, ಅಂದರೆ 914 ಮೀಟರ್. ಅಲ್ಲಿನ ದಾಖಲೆ 23 ಸೆಕೆಂಡಿಗಿಂತ ಕಡಿಮೆ. ರಸ್ತೆ ಕಾರಿಗೆ ಮೂವತ್ತು ಚಿಲ್ಲರೆ ಸೆಕೆಂಡು ಹಿಡಿಯುತ್ತದೆ. ಸರದಿಯಲ್ಲಿ ನಿಂತು ಪೂರ್ತಿ ತಣಿದ ಬ್ರೇಕುಗಳೊಂದಿಗೆ ಹೊರಟು, ಎಸ್ ಆಕಾರದ ತಿರುವುಗಳ ಮುನ್ನ ಒಮ್ಮೆ ಬಲವಾಗಿ ತುಳಿಯುವ ಹೊತ್ತಿಗೆ ಪ್ಯಾಡ್ ಸುತ್ತಲಿನ ಗಾಳಿಯಷ್ಟೇ ತಣ್ಣಗಿರುತ್ತದೆ. ಅಲ್ಲಿ ಬೇಕಾದದ್ದು ಮೊದಲ ಒತ್ತಿಗೇ ಕೆಲಸ ಮಾಡುವ ಪ್ಯಾಡ್. 700 ಡಿಗ್ರಿ ತಾಳುವ ಗುಣದಿಂದ ಆ ಮೂವತ್ತು ಸೆಕೆಂಡುಗಳಲ್ಲಿ ಏನೂ ಪ್ರಯೋಜನವಿಲ್ಲ.

ನಿಮ್ಮ ಕಾರಿನಲ್ಲಿ ಬ್ರೇಕ್ ಸರ್ವೋ (ಕಾಲಿನ ಬಲವನ್ನು ಹೆಚ್ಚಿಸಿ ಕೊಡುವ ಸಾಧನ) ಇಲ್ಲ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ) ಕೂಡ ಇಲ್ಲ. ಸರ್ವೋ ಇರುವ ಕಾರಿನಲ್ಲಿ ಪ್ಯಾಡಿನ ಘರ್ಷಣಾಂಕ (ಹಿಡಿತದ ಅಳತೆ) ತುಸು ಕುಸಿದರೂ ಸರ್ವೋ ಅದನ್ನು ಒಂದಿಷ್ಟು ಮರೆಮಾಚುತ್ತದೆ. ನಿಮ್ಮಲ್ಲಿ ಆ ಕೊರತೆಯನ್ನೆಲ್ಲ ಕಾಲೇ ತುಂಬಬೇಕು. ಎದುರು ದಿಕ್ಕಿನ ಅಪಾಯವೂ ಇದೆ: ಮುಟ್ಟಿದೊಡನೆ ಕಚ್ಚುವ ಪ್ಯಾಡ್, ಕೇವಲ 185 ಮಿ.ಮೀ. ಅಗಲದ ಮುಂದಿನ ಟೈರುಗಳನ್ನು, ವಿಶೇಷವಾಗಿ ಒದ್ದೆ ರಸ್ತೆಯಲ್ಲಿ, ಥಟ್ಟನೆ ಲಾಕ್ ಮಾಡುತ್ತದೆ. ಕಾಲಿನ ಒತ್ತಡಕ್ಕೆ ತಕ್ಕಂತೆ ಏರುವ, ಕಾಲು ಸಡಿಲಿಸಿದೊಡನೆ ಅಷ್ಟೇ ಚೊಕ್ಕವಾಗಿ ಬಿಡುವ ಪ್ಯಾಡೇ ಇಂಥ ಕಾರಿಗೆ ಒಪ್ಪುತ್ತದೆ.

ಹಾಗಾಗಿ ಹೆಸರು ಹಿಡಿದು ಹೇಳುವುದಾದರೆ, ಫೆರೋಡೊ ಡಿಎಸ್2500ನಿಂದ ಆರಂಭಿಸಿ. ಅದರ ಸರಾಸರಿ ಘರ್ಷಣಾಂಕ 0.42ರಷ್ಟು, ದೊಡ್ಡ ಅಂಕಿಯಲ್ಲ, ಆದರೆ ತಣ್ಣಗಿರುವಾಗಿನಿಂದ 500 ಡಿಗ್ರಿಯವರೆಗೆ ಹೆಚ್ಚು ಏರಿಳಿತವಿಲ್ಲ. ರಸ್ತೆಯ ಪಾಲು ಹೆಚ್ಚಿದ್ದರೆ ಮಿಂಟೆಕ್ಸ್ ಎಂ1144 ಆಗುತ್ತದೆ. ಪಾಗಿಡ್‌ನ ನೀಲಿ ಪ್ಯಾಡ್, ಆರ್‌ಎಸ್4-2, ಎಲೀಸ್ ಬಳಗದಲ್ಲಿ ಬಹುಕಾಲದಿಂದ ಮೆಚ್ಚುಗೆ ಪಡೆದದ್ದು, ಆದರೆ ಬೆಲೆ ಹೆಚ್ಚು, ಕಿರುಗುಟ್ಟುವುದೂ ಹೆಚ್ಚು. ರಸ್ತೆಗೂ ಇಳಿಯುವ ಕಾರಾದ್ದರಿಂದ ಪ್ಯಾಡಿಗೆ ಆರ್90 (ರಸ್ತೆ ಬಳಕೆಯ ಬದಲಿ ಪ್ಯಾಡುಗಳ ಮಾನದಂಡ) ಮಾನ್ಯತೆಯ ಗುರುತು ಇದೆಯೇ ನೋಡಿ, ಇಲ್ಲದಿದ್ದರೆ ವಿಮೆಯವರನ್ನು ಮೊದಲೇ ಕೇಳಿಕೊಳ್ಳಿ.

ಇದರ ಮೇಲಿನ ದರ್ಜೆ ಬೇಕೇ ಎಂಬುದನ್ನು ನನ್ನ ಮಾತಿನಿಂದಾಗಲಿ, ಗೆಳೆಯರ ಮಾತಿನಿಂದಾಗಲಿ ತೀರ್ಮಾನಿಸಬೇಡಿ, ಅಳೆಯಿರಿ. ಡಿಸ್ಕಿನ ಹೊರ ಅಂಚಿಗೆ ಬಳಿಯುವ ಉಷ್ಣತಾ ಬಣ್ಣ ಸಿಗುತ್ತದೆ. ಎಪಿ ರೇಸಿಂಗ್‌ನ ಬಣ್ಣಗಳಲ್ಲಿ ಹಸಿರು 430 ಡಿಗ್ರಿಗೆ, ಕಿತ್ತಳೆ 560ಕ್ಕೆ, ಕೆಂಪು 610ಕ್ಕೆ ಬಿಳಿಚಿಕೊಳ್ಳುತ್ತವೆ. ಸ್ನೆಟರ್ಟನ್‌ನಲ್ಲಿ ಒಂದು ಇಡೀ ದಿನ ಓಡಿಸಿದ ಮೇಲೂ ಹಸಿರು ಹಸಿರಾಗಿಯೇ ಇದ್ದರೆ ರೇಸ್ ಪ್ಯಾಡಿನ ಮಾತನ್ನು ಅಲ್ಲಿಗೇ ಬಿಡಬಹುದು. ಕಿತ್ತಳೆಯೂ ಬಿಳಿಚಿಕೊಂಡಿದ್ದರೆ ಪಾಗಿಡ್ ಆರ್‌ಎಸ್14ರಂಥದ್ದನ್ನು ಯೋಚಿಸಿ. ಕೆಂಪೂ ಹೋಗಿದ್ದರೆ, ಪ್ಯಾಡ್ ಬದಲಿಸುವ ಮುನ್ನ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಹಿಡಿಕೆ) ಎಲ್ಲಾದರೂ ಸಿಕ್ಕಿಕೊಂಡಿದೆಯೇ, ನೀವು ಬ್ರೇಕನ್ನು ಮೆಲ್ಲಗೆ, ಬಹಳ ಹೊತ್ತು ತುಳಿಯುತ್ತಿದ್ದೀರೇ ಎಂದು ಪರೀಕ್ಷಿಸಿಕೊಳ್ಳಿ.

ನಾಲ್ಕೂ ಚಕ್ರಗಳಿಗೆ ಒಂದೇ ಮಿಶ್ರಣದ ಪ್ಯಾಡ್ ಇರಲಿ. ಎಂಜಿನ್ ಚಾಲಕನ ಹಿಂದಿರುವ ಈ ಕಾರಿನಲ್ಲಿ ಹಿಂದಿನ ಬ್ರೇಕುಗಳ ಪಾಲು ಸಾಮಾನ್ಯ ಕಾರಿಗಿಂತ ದೊಡ್ಡದು. ಹಿಂದೆ ಮಾತ್ರ ಬಲವಾದ ಪ್ಯಾಡ್ ಹಾಕಿದರೆ ಹಿಂದಿನ ಚಕ್ರಗಳು ಮೊದಲು ಲಾಕ್ ಆಗಿ ಕಾರು ಗಿರಕಿ ಹೊಡೆಯುತ್ತದೆ. ಮುಂದೆ ಮಾತ್ರ ಹಾಕಿದರೆ ಅಪಾಯ ಕಡಿಮೆ, ಆದರೆ ಹಿಂದಿನ ಜೋಡಿ ಸುಮ್ಮನೆ ಸವಾರಿ ಮಾಡುತ್ತದೆ.

ಪ್ಯಾಡಿನ ಮೇಲೆ ಹೊರಿಸುವ ದೂರುಗಳಲ್ಲಿ ಎಷ್ಟೋ ನಿಜವಾಗಿ ಬ್ರೇಕ್ ಫ್ಲೂಯಿಡ್‌ನವು (ಪೆಡಲಿನ ಒತ್ತಡವನ್ನು ಕ್ಯಾಲಿಪರ್‌ಗೆ ಮುಟ್ಟಿಸುವ ದ್ರವ). ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲದಿದ್ದರೆ ಪ್ಯಾಡ್ ತನ್ನ ಮಿತಿ ದಾಟಿದೆ. ಪೆಡಲ್ ಮೆತ್ತಗಾಗಿ ಕೆಳಕ್ಕೆ ಇಳಿದರೆ ಫ್ಲೂಯಿಡ್ ಕುದಿದಿದೆ. ಡಾಟ್ 4 ದರ್ಜೆಯ ಕನಿಷ್ಠ ಕುದಿಬಿಂದು ಹೊಸತಿರುವಾಗ 230 ಡಿಗ್ರಿ, ತೇವ ಹೀರಿಕೊಂಡ ಮೇಲೆ 155 ಮಾತ್ರ. ಹೊಸತಿರುವಾಗ 300 ಡಿಗ್ರಿ ಮೀರುವ ರೇಸಿಂಗ್ ಫ್ಲೂಯಿಡ್ ಹಾಕಿಸಿ, ಪ್ರತಿ ವರ್ಷ ಬದಲಾಯಿಸಿ. ದುಬಾರಿ ಪ್ಯಾಡಿಗಿಂತ ಇದು ಅಗ್ಗ.

ಹೊಸ ಪ್ಯಾಡಿನ ಜೊತೆ ಹೊಸ ಡಿಸ್ಕ್ ಇದ್ದರೆ ಒಳ್ಳೆಯದು. ಬೇರೆ ಮಿಶ್ರಣದ ಪದರ ಕೂತಿರುವ ಡಿಸ್ಕಿನ ಮೇಲೆ ಇನ್ನೊಂದನ್ನು ಹಾಕಿದರೆ ಪೆಡಲ್ ನಡುಗುತ್ತದೆ, ಅದನ್ನು ಜನ ಡಿಸ್ಕ್ ಸೊಟ್ಟಗಾಗಿದೆ ಎಂದು ತಿಳಿಯುತ್ತಾರೆ. ಹೊಸ ಪ್ಯಾಡಿನ ಪದರ ಕೂರಿಸಲು ಖಾಲಿ ರಸ್ತೆಯಲ್ಲಿ ಗಂಟೆಗೆ 100 ಕಿ.ಮೀ.ಯಿಂದ 40ಕ್ಕೆ, ಪ್ರತಿ ಸಲ ಸ್ವಲ್ಪ ಹೆಚ್ಚು ಬಲದಿಂದ, ಪೂರ್ತಿ ನಿಲ್ಲಿಸದೆ ವೇಗ ಇಳಿಸುತ್ತ ಹೋಗಿ. ಬಳಿಕ ಬ್ರೇಕ್ ಮುಟ್ಟದೆ ಕೆಲವು ಕಿಲೋಮೀಟರ್ ಓಡಿಸಿ ತಣಿಸಿ. ಟ್ರ್ಯಾಕಿನಿಂದ ಪಿಟ್‌ಗೆ ಬಂದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ; ಅದು ಬಿಸಿ ಡಿಸ್ಕಿಗೆ ಹಿಂದಿನ ಪ್ಯಾಡುಗಳನ್ನೇ ಒತ್ತಿ ಹಿಡಿಯುತ್ತದೆ, ಆ ಜಾಗದಲ್ಲಿ ಪ್ಯಾಡಿನ ಅಚ್ಚು ಉಳಿಯುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡ ಕೊಟ್ಟರೆ ಸಾಕು. ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಅದನ್ನು ರಸ್ತೆಗೆ ಅಥವಾ ಶೆಲ್ಸ್ಲಿಗೆ ಬಳಸಿ ಮುಗಿಸಿ, ಸ್ನೆಟರ್ಟನ್‌ಗೆ ಒಯ್ಯಬೇಡಿ: ತೆಳುವಾದ ಪ್ಯಾಡ್ ಡಿಸ್ಕಿನ ಶಾಖವನ್ನು ನೇರವಾಗಿ ಕ್ಯಾಲಿಪರ್‌ಗೂ ಅಲ್ಲಿಂದ ಫ್ಲೂಯಿಡ್‌ಗೂ ದಾಟಿಸುತ್ತದೆ.